ಮುರುಗಲು ಪಾಕವನ್ನು ಕಾಯ್ದ ಬೆಂಜೋಯೇಟ್ ಜೋನಿಬೆಲ್ಲವನ್ನು ಯಾಕೆ ಕಾಯಲಿಲ್ಲ?

ಜೋನಿಬೆಲ್ಲ_ಶಿರಸಿ

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮನೆಯಲ್ಲಿ ಆಲೆಮನೆ ಮುಗಿದ ಮೇಲೆ ಜೋನಿಬೆಲ್ಲ (ದ್ರವ ಬೆಲ್ಲ) ಡಬ್ಬ ತುಂಬುತ್ತೇವೆ, ಬೇಸಿಗೆ ಕೊನೆಗೆ ಮುರುಗಲು (ಕೋಕಂ, ಪುನರ್ಪುಳಿ) ಹಣ್ಣಿನ ಪಾಕ ಮಾಡಿ ಬಾಟಲಿಗೆ ಹಾಕುತ್ತೇವೆ. ಮುರುಗಲು ಪಾಕಕ್ಕೆ ಕೆಡದಂತೆ ಸೋಡಿಯಂ ಬೆಂಜೋಯೇಟ್ ಪುಡಿ ಹಾಕುವ ರೂಢಿ ಮೊದಲಿಂದ ಇದೆ, ಮುಂದಿನ ಬೇಸಿಗೆವರೆಗೂ ಏನೂ ಆಗುವುದಿಲ್ಲ. ಈ ಸಲ ಒಂದಿಷ್ಟು ಜೋನಿಬೆಲ್ಲ ಸಡಿಲ ಪಾಕದಲ್ಲಿ ಇಳಿಸಿದ್ದೆವು, ದೋಸೆಗೆ ಸುರಿದುಕೊಳ್ಳಲು ಗಿರಾಕಿಗಳು ಹಾಗೇ ಕೇಳುತ್ತಾರೆ. ಉಳಿಯಲಿ ಎಂದು ಅದೇ ಪುಡಿಯನ್ನು ಅದೇ ಲೆಕ್ಕದಲ್ಲಿ ಅದಕ್ಕೂ ಹಾಕಿದೆವು. ಮಳೆ ಹಿಡಿದ ಮೇಲೆ ಡಬ್ಬದ ಮುಚ್ಚಳ ಉಬ್ಬಿತು. ತೆಗೆದು ನೋಡಿದರೆ ಮೇಲೆಲ್ಲ ನೊರೆ, ಹೆಂಡದ ವಾಸನೆ. ಪಕ್ಕದಲ್ಲೇ ಇಟ್ಟ ಮುರುಗಲು ಬಾಟಲಿಗಳು ಕೆಡದೆ ಹಾಗೇ ಇವೆ.

ಪುಡಿ ಒಂದೇ, ಜಾಗ ಒಂದೇ, ತೂಕ ಮಾಡಿದ ತಕ್ಕಡಿಯೂ ಒಂದೇ. ಹಾಗಾದರೆ ಒಂದರಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡದೇ ಇರುವುದಕ್ಕೆ ಕಾರಣ ಎಂತ?

ಕಡಲತಡಿ_ಹೊನ್ನಾವರ

ಜೋನಿಬೆಲ್ಲ ದಪ್ಪ ಇರ್ತದಲ್ಲ, ಪುಡಿ ಸಮ ಬೆರೆತಿರ್ಲಿಕ್ಕಿಲ್ಲ. ಪ್ರಮಾಣ ಎರಡು ಪಟ್ಟು ಮಾಡಿ ನೋಡಿ ಮಾರಾಯ್ರೆ.

ಅಘನಾಶಿನಿ_ಅಕ್ಕೋರು

ದಯವಿಟ್ಟು ಎರಡು ಪಟ್ಟು ಮಾಡಬೇಡಿ. ಹತ್ತು ಪಟ್ಟು ಮಾಡಿದರೂ ಜೋನಿಬೆಲ್ಲದಲ್ಲಿ ಅದು ಸರಿಯಾಗಿ ಕೆಲಸ ಮಾಡಲಾರದು, ಕಾಯ್ದೆಯ ಮಿತಿಯನ್ನು ಮಾತ್ರ ದಾಟಿರುತ್ತೀರಿ. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುವವಳು. ಈ ವಿಷಯ ನಮ್ಮ ಭಾಗದ ಗೃಹೋದ್ಯಮದವರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಎಂಬ ಬೇಜಾರು ನನಗೆ ಬಹಳ ಕಾಲದಿಂದ ಇದೆ. ಹಾಗಾಗಿ ಉದ್ದವಾದರೂ ಬರೆಯುತ್ತೇನೆ.

ನೀವು ಹಾಕಿದ ಬೆಂಜೋಯೇಟ್ ಬೆಂಜೋಯಿಕ್ ಆಮ್ಲದ ಲವಣ. ಈ ಬೆಂಜೋಯಿಕ್ ಆಮ್ಲ, ವಿನೆಗರಿನ ಅಸಿಟಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ, ಬ್ರೆಡ್ಡಿಗೆ ಹಾಕುವ ಪ್ರೊಪಿಯೋನಿಕ್ ಆಮ್ಲ, ಸೋರ್ಬಿಕ್ ಆಮ್ಲ ಎಲ್ಲವೂ ದುರ್ಬಲ ಸಾವಯವ ಆಮ್ಲಗಳು. ದುರ್ಬಲ ಎಂದರೆ ಶಕ್ತಿ ಇಲ್ಲ ಎಂದಲ್ಲ. ನೀರಿನಲ್ಲಿ ಇವು ಪೂರ್ತಿ ಒಡೆಯುವುದಿಲ್ಲ. ಒಂದಷ್ಟು ಅಣುಗಳು ಪ್ರೋಟಾನ್ (ಧನ ವಿದ್ಯುದಾವೇಶದ ಹೈಡ್ರೋಜನ್ ಕಣ) ಬಿಟ್ಟುಕೊಟ್ಟು ಋಣ ಆವೇಶದ ಅಯಾನ್ ಆಗಿರುತ್ತವೆ, ಉಳಿದವು ಪ್ರೋಟಾನ್ ಹಿಡಿದುಕೊಂಡು ಇಡೀ ಅಣುವಾಗಿಯೇ ಇರುತ್ತವೆ. ನಿಮ್ಮ ಡಬ್ಬದಲ್ಲಿ ನೊರೆ ಬರಿಸಿದ್ದು ಸಕ್ಕರೆ ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿ. ಯೀಸ್ಟನ್ನು ತಡೆಯುವ ಕೆಲಸದ ಬಹುಪಾಲು ಈ ಇಡೀ ಅಣುಗಳದ್ದೇ.

ಯಾಕೆಂದರೆ ಜೀವಕೋಶದ ಸುತ್ತ ಇರುವ ಪೊರೆ ಕೊಬ್ಬಿನಂಥ ಅಣುಗಳ ಎರಡು ಪದರ. ಆವೇಶ ಹೊತ್ತ ಅಯಾನಿಗೆ ಅಲ್ಲಿ ಜಾಗ ಇಲ್ಲ, ನೀರು ಬಿಟ್ಟು ಕೊಬ್ಬಿನೊಳಗೆ ಹೋಗಲು ಅದು ಒಪ್ಪುವುದೇ ಇಲ್ಲ. ಆವೇಶ ಇಲ್ಲದ ಇಡೀ ಅಣು ಮಾತ್ರ ಯಾವ ಬಾಗಿಲೂ ಬೇಡದೆ ಆ ಪದರದಲ್ಲಿ ಕರಗಿ ಒಳಗೆ ಇಳಿದುಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಷ್ಟು ಅಣುಗಳು ಇಡಿಯಾಗಿ ಉಳಿಯುತ್ತವೆ ಎನ್ನುವುದನ್ನು ಸುತ್ತಲಿನ ಪಿಎಚ್ ನಿರ್ಧರಿಸುತ್ತದೆ. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು. ಪ್ರತಿ ಆಮ್ಲಕ್ಕೂ ಪಿಕೆಎ ಎಂಬ ಒಂದು ಅಂಕಿ ಇದೆ, ಪಿಎಚ್ ಆ ಅಂಕಿಗೆ ಸಮ ಬಂದಾಗ ಅರ್ಧ ಇಡಿ, ಅರ್ಧ ಒಡೆದದ್ದು. ಬೆಂಜೋಯಿಕ್ ಆಮ್ಲಕ್ಕೆ ಅದು 4.2. ಪಿಎಚ್ 3.2 ಇದ್ದಲ್ಲಿ ಶೇ. 91 ಅಣುಗಳು ಇಡಿಯಾಗಿರುತ್ತವೆ. 4.2ಕ್ಕೆ ಶೇ. 50. 5.2ಕ್ಕೆ ಶೇ. 9. 6.2ಕ್ಕೆ ಬಂದರೆ ಬರೀ ಶೇ. 1. ಪಿಎಚ್ ಒಂದೊಂದು ಮೆಟ್ಟಿಲು ಏರಿದ ಹಾಗೆ ಕೆಲಸದ ಪಾಲು ಹೇಗೆ ಕುಸಿಯುತ್ತದೆ ನೋಡಿ.

ಮುರುಗಲು ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅದರ ಪಾಕದಲ್ಲಿ ನೀವು ಹಾಕಿದ ಬೆಂಜೋಯೇಟ್ ಬಹುತೇಕ ಎಲ್ಲವೂ ಪ್ರೋಟಾನ್ ಹಿಡಿದು ಬೆಂಜೋಯಿಕ್ ಆಮ್ಲ ಆಗಿಬಿಡುತ್ತದೆ. ಜೋನಿಬೆಲ್ಲದ್ದು ಬೇರೆ ಕತೆ. ಕಬ್ಬಿನ ಹಾಲಿನ ಪಿಎಚ್ಚೇ 5ರ ಮೇಲೆ. ಕೊಪ್ಪರಿಗೆಗೆ ಕೊಳೆ ತೆಗೆಯಲು ಸುಣ್ಣದ ನೀರು ಹಾಕಿದರೆ ಇನ್ನೂ ಮೇಲೆ ಹೋಗುತ್ತದೆ. ಅಲ್ಲಿ ನಿಮ್ಮ ಬೆಂಜೋಯೇಟ್ ಬಹುಪಾಲು ಅಯಾನ್ ಆಗಿಯೇ ಉಳಿದಿದೆ, ಯೀಸ್ಟಿನ ಪೊರೆಯ ಹೊರಗಡೆ.

ಜೋನಿಬೆಲ್ಲ_ಶಿರಸಿ

ಅಕ್ಕೋರೆ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಸುಣ್ಣ ಹಾಕುತ್ತೇವೆ, ಹೌದು. ಒಂದು ಸಂಶಯ: ಕೆಲಸ ಮಾಡುವುದು ಬೆಂಜೋಯಿಕ್ ಆಮ್ಲ ಎಂದಾದರೆ ಅಂಗಡಿಯಲ್ಲಿ ಸೋಡಿಯಂ ಬೆಂಜೋಯೇಟನ್ನೇ ಯಾಕೆ ಮಾರುತ್ತಾರೆ?

ಅಘನಾಶಿನಿ_ಅಕ್ಕೋರು

ಕರಗುವ ಕಾರಣಕ್ಕೆ. ಬೆಂಜೋಯಿಕ್ ಆಮ್ಲ ತಣ್ಣೀರಿನಲ್ಲಿ ಲೀಟರಿಗೆ ಮೂರು ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ, ಅದೂ ನಿಧಾನವಾಗಿ. ಸೋಡಿಯಂ ಬೆಂಜೋಯೇಟ್ ಸಲೀಸಾಗಿ ಕರಗುತ್ತದೆ. 1 ಗ್ರಾಂ ಸೋಡಿಯಂ ಬೆಂಜೋಯೇಟಿನಿಂದ ಸುಮಾರು 0.85 ಗ್ರಾಂ ಬೆಂಜೋಯಿಕ್ ಆಮ್ಲ ಸಿಗುತ್ತದೆ. ಕಾಯ್ದೆಯ ಮಿತಿಯನ್ನು ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ ಹೇಳಿದಾಗ ಈ ವ್ಯತ್ಯಾಸ ನೆನಪಿರಲಿ.

ಪುಡಿಯನ್ನು ನೇರ ಹುಳಿ ಪಾಕಕ್ಕೆ ಸುರಿಯಬೇಡಿ. ಬಿದ್ದ ಜಾಗದಲ್ಲೇ ಅದು ಆಮ್ಲವಾಗಿ ತಿರುಗಿ ಬಿಳಿ ಚಕ್ಕೆಯಾಗಿ ತೇಲುತ್ತದೆ, ಆಮೇಲೆ ಕರಗಲು ಸತಾಯಿಸುತ್ತದೆ. ಸ್ವಲ್ಪ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಪಾಕವನ್ನು ಕದಡುತ್ತಾ ಸಣ್ಣ ಧಾರೆಯಲ್ಲಿ ಬಿಡಿ.

ಕಾಳಿನದಿ_ವಿದ್ಯಾರ್ಥಿ

ಅಕ್ಕೋರೆ, ನಾನು ಕಾರವಾರದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಅಣು ಒಳಗೆ ಹೋಯಿತು, ಸರಿ. ಹೋದ ಮೇಲೆ ಎಂತ ಮಾಡುತ್ತದೆ? ನಮ್ಮ ಪುಸ್ತಕದಲ್ಲಿ "ಒಳಗಿನ ಪಿಎಚ್ ಇಳಿಸುತ್ತದೆ" ಎಂದು ಒಂದೇ ಸಾಲು ಇದೆ. ಹಾಗಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದಂಥ ಪ್ರಬಲ ಆಮ್ಲ ಇನ್ನೂ ಚೆನ್ನಾಗಿ ಕೊಲ್ಲಬೇಕಿತ್ತಲ್ಲ?

ಅಘನಾಶಿನಿ_ಅಕ್ಕೋರು

ಈ ಪ್ರಶ್ನೆ ಕೇಳಿದ್ದಕ್ಕೆ ಬಹಳ ಸಂತೋಷ ಆಯಿತು ತಮ್ಮಾ. ಇಡೀ ವಿಷಯದ ಗಂಟು ಇಲ್ಲೇ ಇದೆ.

ಹೈಡ್ರೋಕ್ಲೋರಿಕ್ ಆಮ್ಲ ನೀರಿಗೆ ಬಿದ್ದ ಕೂಡಲೇ ಪೂರ್ತಿ ಒಡೆಯುತ್ತದೆ. ಇಡೀ ಅಣು ಎನ್ನುವುದು ಉಳಿಯುವುದೇ ಇಲ್ಲ. ಹೊರಗೆ ಪ್ರೋಟಾನ್ ಎಷ್ಟೇ ಇದ್ದರೂ ಪೊರೆ ಅವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆದ್ದರಿಂದಲೇ ಬ್ಯಾಕ್ಟೀರಿಯಾ ಬೆಳೆಸಲು ಒಂದೇ ಪಿಎಚ್ 4ಕ್ಕೆ ತಂದ ಎರಡು ಸಾರುಗಳಲ್ಲಿ, ಹೈಡ್ರೋಕ್ಲೋರಿಕ್ ಹಾಕಿದ ಸಾರಿನಲ್ಲಿ ಬೆಳೆಯುವ ಎಷ್ಟೋ ಬ್ಯಾಕ್ಟೀರಿಯಾ ಅಸಿಟಿಕ್ ಹಾಕಿದ ಸಾರಿನಲ್ಲಿ ಬೆಳೆಯುವುದಿಲ್ಲ. ಪಿಎಚ್ ಮೀಟರಿಗೆ ಎರಡೂ ಒಂದೇ. ಕೋಶಕ್ಕೆ ಒಂದೇ ಅಲ್ಲ.

ಕೋಶದ ಒಳಗಿನ ಪಿಎಚ್ ಹೆಚ್ಚುಕಡಿಮೆ 7ರ ಸುತ್ತ. ಇಡೀ ಅಣು ಒಳಗೆ ಇಳಿದ ಕ್ಷಣ ಅದಕ್ಕೆ ಸಿಗುವುದು ಆ 7. ಕೂಡಲೇ ಒಡೆಯುತ್ತದೆ. ಒಂದು ಪ್ರೋಟಾನ್, ಒಂದು ಅಯಾನ್. ಅಯಾನಿಗೆ ಈಗ ಆವೇಶ ಬಂತು, ಬಂದ ದಾರಿಯಲ್ಲಿ ವಾಪಸ್ ಹೋಗಲಾರದು, ಒಳಗೇ ಸಿಕ್ಕಿಬಿತ್ತು. ಹೊರಗೆ ಇನ್ನೂ ಇಡೀ ಅಣುಗಳಿವೆ, ಒಳಗೆ ಇಡೀ ಅಣು ಇಲ್ಲವಾಗಿದೆ, ಹಾಗಾಗಿ ಮತ್ತಷ್ಟು ಇಳಿಯುತ್ತವೆ, ಅವೂ ಒಡೆಯುತ್ತವೆ. ಲೆಕ್ಕ ಮಾಡಿ ನೋಡಿ: ಹೊರಗೆ ಪಿಎಚ್ 4, ಒಳಗೆ 7 ಎಂದು ಹಿಡಿದರೆ, ಅಸಿಟಿಕ್ ಆಮ್ಲದ ಪಿಕೆಎ 4.76 ಇರುವುದರಿಂದ, ಸಮತೋಲನ ಬರುವ ಹೊತ್ತಿಗೆ ಒಳಗಿನ ಒಟ್ಟು ಪ್ರಮಾಣ ಹೊರಗಿನದಕ್ಕಿಂತ ಸುಮಾರು 150 ಪಟ್ಟು ಆಗಬೇಕು. ಒಳಗಿನ ಪಿಎಚ್ ಅಲ್ಲೇ ನಿಂತರೆ ಮಾತ್ರ ಈ ಲೆಕ್ಕ. ನಿಜದಲ್ಲಿ ಅದು ಇಳಿಯುತ್ತಾ ಬರುತ್ತದೆ, ಆದರೂ ಒತ್ತಡ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ಪ್ರೋಟಾನ್ ಹೊರಹಾಕಲು ಯೀಸ್ಟಿನ ಪೊರೆಯಲ್ಲಿ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಉರಿಸುವ ಪಂಪುಗಳಿವೆ. ತೂತು ಬಿದ್ದ ದೋಣಿಯಲ್ಲಿ ಕೂತವನು ಹುಟ್ಟು ಬಿಟ್ಟು ನೀರು ಮೊಗೆಯುವುದರಲ್ಲೇ ಸುಸ್ತಾಗುವಂತೆ, ಕೋಶದ ಶಕ್ತಿಯೆಲ್ಲ ಈ ಪಂಪಿಗೇ ಹೋಗುತ್ತದೆ. ಬೆಳೆಯಲು, ಎರಡಾಗಲು ಎಂತದೂ ಉಳಿಯುವುದಿಲ್ಲ. ಅದೇ ಹೊತ್ತಿಗೆ ಒಳಗಿನ ಪಿಎಚ್ ಇಳಿದಷ್ಟೂ ಸಕ್ಕರೆ ಒಡೆಯುವ ಸರಣಿಯ ಕಿಣ್ವಗಳು ನಿಧಾನವಾಗುತ್ತವೆ. ಅದರಲ್ಲೂ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವ ಪಿಎಚ್ ಇಳಿತಕ್ಕೆ ಬಹಳ ಸೂಕ್ಷ್ಮ. ಅಂದರೆ ಎಟಿಪಿ ಹೆಚ್ಚು ಬೇಕಾದ ಹೊತ್ತಿಗೇ ಎಟಿಪಿ ತಯಾರಿ ಕುಂಟುತ್ತದೆ.

ನಿಮ್ಮ ಪುಸ್ತಕದ ಒಂದು ಸಾಲು ಅಯಾನನ್ನು ಪೂರ್ತಿ ಬಿಟ್ಟುಬಿಟ್ಟಿದೆ. ಅದೂ ಸುಮ್ಮನೆ ಕೂರುವುದಿಲ್ಲ. ಒಳಗೆ ಗುಡ್ಡೆಯಾದ ಅಯಾನ್ ಕೋಶದ ಲವಣ ಸಮತೋಲನ ಕೆಡಿಸುತ್ತದೆ. ಇ. ಕೋಲಿ (E. coli) ಎಂಬ ಬ್ಯಾಕ್ಟೀರಿಯಾದಲ್ಲಿ ಅಸಿಟೇಟ್, ಅಂದರೆ ಅಸಿಟಿಕ್ ಆಮ್ಲದ ಅಯಾನ್, ಗುಡ್ಡೆಯಾದರೆ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ತಯಾರಿಗೇ ಪೆಟ್ಟು ಬೀಳುತ್ತದೆ. ಸೋರ್ಬಿಕ್ ಆಮ್ಲ ಇನ್ನೂ ಬೇರೆ, ಅದರ ಉದ್ದ ಬಾಲ ಪೊರೆಯಲ್ಲೇ ತೊಂದರೆ ಮಾಡುತ್ತದೆ. ಬರೀ ಪಿಎಚ್ ಇಳಿತದಿಂದ ಅದರ ಪರಿಣಾಮವನ್ನು ಪೂರ್ತಿ ವಿವರಿಸಲು ಬರುವುದಿಲ್ಲ.

ಕಾಳಿನದಿ_ವಿದ್ಯಾರ್ಥಿ

ಈಗ ಪೀಟರ್ ಮಿಚೆಲ್ ಪಾಠ ನೆನಪಾಯಿತು. ಪೊರೆಯ ಆಚೆ ಈಚೆ ಪ್ರೋಟಾನ್ ವ್ಯತ್ಯಾಸವೇ ಶಕ್ತಿಯ ಸಂಗ್ರಹ ಎಂದು 1961ರಲ್ಲಿ ಹೇಳಿ, 1978ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ದುರ್ಬಲ ಆಮ್ಲ ಆ ಸಂಗ್ರಹವನ್ನೇ ಸೋರಿಸುತ್ತದೆ, ಅಲ್ದಾ?

ಅಘನಾಶಿನಿ_ಅಕ್ಕೋರು

ಹೌದು, ಸರಿಯಾಗಿ ಹಿಡಿದಿರಿ. ಉಸಿರಾಟದಿಂದ ಬದುಕುವ ಬ್ಯಾಕ್ಟೀರಿಯಾಗಳಿಗೆ ಈ ಪೆಟ್ಟು ಇನ್ನೂ ಜೋರು.

ಕೋಡಿಬಾಗ_ಮೀನುಪ್ಪಿನಕಾಯಿ

ನಮಸ್ಕಾರ ಅಕ್ಕೋರೆ. ನಾವು ಸಿಗಡಿ ಮತ್ತೆ ಇಸವಣ ಮೀನಿನ ಉಪ್ಪಿನಕಾಯಿ ಮಾಡ್ತೇವೆ. ಅಮ್ಮನ ಕಾಲದಿಂದ ವಿನೆಗರೇ ಹಾಕೋದು. ಈಗ ಕೆಲವು ಗಿರಾಕಿಗಳು "ವಿನೆಗರ್ ವಾಸನೆ ಬೇಡ, ಲಿಂಬೆರಸ ಹಾಕಿ, ಅದೂ ಹುಳಿಯೇ ಅಲ್ವಾ" ಅಂತಾರೆ. ಹುಳಿ ಸಮ ಮಾಡಿದ್ರೆ ಸಾಕಾ?

ಅಘನಾಶಿನಿ_ಅಕ್ಕೋರು

ಬಾಯಿಯವರೇ, ಸಾಕಾಗುವುದಿಲ್ಲ. ಲಿಂಬೆಯ ಸಿಟ್ರಿಕ್ ಆಮ್ಲಕ್ಕೆ ಪ್ರೋಟಾನ್ ಬಿಡುವ ಜಾಗ ಮೂರು. ಮೊದಲ ಪಿಕೆಎ 3.1ರ ಹತ್ತಿರ. ಪಿಎಚ್ 4ರಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಆವೇಶ ಇಲ್ಲದೆ ಇರುತ್ತದೆ. ಆ ಒಂದು ಪಾಲೂ ನೀರನ್ನೇ ಇಷ್ಟಪಡುವ ಅಣು, ಕೊಬ್ಬಿನ ಪದರ ದಾಟಲು ಕಷ್ಟ. ಅದೇ ಪಿಎಚ್ 4ರಲ್ಲಿ ಅಸಿಟಿಕ್ ಆಮ್ಲದ ಶೇ. 85 ಇಡಿಯಾಗಿದೆ, ಅಣು ಚಿಕ್ಕದು, ಸರಾಗ ದಾಟುತ್ತದೆ. ಸಿಟ್ರಿಕ್ ಆಮ್ಲ ಪಿಎಚ್ ಇಳಿಸುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಲೋಹದ ಅಯಾನುಗಳನ್ನು ಕಟ್ಟಿಹಾಕುತ್ತದೆ, ಅಷ್ಟು ಉಪಕಾರ ಇದೆ. ಒಳಹೊಕ್ಕು ಮಾಡುವ ಕೆಲಸಕ್ಕೆ ಅದು ವಿನೆಗರಿನ ಬದಲಿ ಅಲ್ಲ. ರುಚಿಗೆ ಲಿಂಬೆ ಹಾಕಿ, ಆದರೆ ವಿನೆಗರ್ ತೆಗೆಯಬೇಡಿ. ಉಪ್ಪಾಗೆ ಹಣ್ಣಿನ, ಮುರುಗಲಿನ ಸಿಪ್ಪೆಯ ಹುಳಿಗೂ ಇದೇ ಮಾತು. ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಸಿಟ್ರಿಕ್ಕಿನ ಹತ್ತಿರದ ನೆಂಟ.

ಮೀನಿನ ವಿಷಯದಲ್ಲಿ ಇನ್ನೊಂದು ಇದೆ, ಇದನ್ನು ಒತ್ತಿ ಹೇಳುತ್ತೇನೆ. ಮಸಾಲೆ ರಸದ ಪಿಎಚ್ ಮಾಡಿದ ದಿನ ಅಳೆದು ಸಮಾಧಾನ ಪಡಬೇಡಿ. ಮೀನಿನ ಪ್ರೋಟೀನ್ ಆಮ್ಲವನ್ನು ಹೀರಿಕೊಳ್ಳುತ್ತದೆ. ನಾಲ್ಕು ದಿನ ಬಿಟ್ಟರೆ ರಸದ ಪಿಎಚ್ ಏರಿರುತ್ತದೆ, ಮೀನಿನ ತುಂಡಿನ ನಡುವೆ ಅದಕ್ಕಿಂತಲೂ ಹೆಚ್ಚಿರಬಹುದು. ತುಂಡನ್ನು ರಸದ ಜೊತೆ ರುಬ್ಬಿ ಅಳೆಯಿರಿ. ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ತಯಾರಿಸುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಪಿಎಚ್ 4.6ರ ಕೆಳಗೆ ಬೆಳೆಯಲಾರದು, ಗಾಳಿ ಇಲ್ಲದ ಎಣ್ಣೆಯ ಕೆಳಗೆ ಬೆಳೆಯುವುದು ಅದಕ್ಕೆ ಇಷ್ಟ. 4.6 ಎನ್ನುವುದು ಅಂಚು. ಅಂಚಿನಲ್ಲಿ ನಿಲ್ಲಬೇಡಿ, 4ರ ಆಸುಪಾಸಿಗೆ ತನ್ನಿ.

ಎಣ್ಣೆ ಎಂದಾಗ ನೆನಪಾಯಿತು. ಬೆಂಜೋಯಿಕ್, ಸೋರ್ಬಿಕ್ ಎರಡೂ ಎಣ್ಣೆಯಲ್ಲಿ ಕರಗುವ ಅಣುಗಳು. ಕೋಶಪೊರೆ ದಾಟಲು ಯಾವ ಗುಣ ಬೇಕೋ ಅದೇ ಗುಣದಿಂದ ಅವು ಉಪ್ಪಿನಕಾಯಿಯ ಎಣ್ಣೆಗೂ ಹೋಗಿ ಸೇರುತ್ತವೆ. ಸೂಕ್ಷ್ಮಜೀವಿ ಇರುವುದು ನೀರಿನ ಭಾಗದಲ್ಲಿ. ಎಣ್ಣೆ ಜಾಸ್ತಿ ಇದ್ದಷ್ಟೂ ಅಲ್ಲಿ ಉಳಿಯುವ ಪಾಲು ಕಡಿಮೆ.

ಕೋಡಿಬಾಗ_ಮೀನುಪ್ಪಿನಕಾಯಿ

ರುಬ್ಬಿ ಅಳೆಯಬೇಕು ಅಂತ ಇಷ್ಟು ವರ್ಷದಲ್ಲಿ ಒಬ್ರೂ ಹೇಳಿರ್ಲಿಲ್ಲ. ದೇವರು ಒಳ್ಳೇದು ಮಾಡ್ಲಿ. ಪಟ್ಟಿ ಕಾಗದದಲ್ಲಿ ಅಳೆದ್ರೆ ಆಗ್ತದಾ?

ಅಘನಾಶಿನಿ_ಅಕ್ಕೋರು

ಮೆಣಸಿನ ಕೆಂಪು, ಅರಿಶಿನ, ಮುರುಗಲಿನ ಬಣ್ಣ, ಜೋನಿಬೆಲ್ಲದ ಕಂದು, ಇವೆಲ್ಲ ಕಾಗದದ ಬಣ್ಣವನ್ನು ಮುಚ್ಚಿಹಾಕುತ್ತವೆ. ಪೆನ್ನಿನಂಥ ಪಿಎಚ್ ಮೀಟರ್ ತೆಗೆದುಕೊಳ್ಳಿ. ಜೊತೆಗೆ ಪಿಎಚ್ 4 ಮತ್ತು 7ರ ಬಫರ್ ದ್ರಾವಣ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಬೇಕೇ ಬೇಕು, ಅಳೆಯುವ ಮೊದಲು ಅವುಗಳಲ್ಲಿ ಸರಿಹೊಂದಿಸಬೇಕು. ಎಣ್ಣೆ ತೆಗೆದು ಅಳೆಯಿರಿ, ಇಲ್ಲವಾದರೆ ಮೀಟರಿನ ಗಾಜಿನ ಗುಂಡಿಗೆ ಎಣ್ಣೆ ಹಿಡಿದು ತಪ್ಪು ಅಂಕಿ ತೋರಿಸುತ್ತದೆ. ಐದಾರು ಮನೆಯವರು ಸೇರಿ ಒಂದು ಕೊಂಡರೂ ಸಾಕು.

ಹುಲೇಕಲ್_ಅಜ್ಜಿಮನೆ

ನಮ್ಮಲ್ಲಿ ಅಪ್ಪೆಮಿಡಿಗೆ ವಿನೆಗರೂ ಇಲ್ಲ, ಬೆಂಜೋಯೇಟೂ ಇಲ್ಲ. ಕಲ್ಲುಪ್ಪಿನಲ್ಲಿ ಮಿಡಿ ಚಿರುಟುವವರೆಗೆ ಭರಣಿಯಲ್ಲಿಟ್ಟು, ಆ ಉಪ್ಪುನೀರಿಗೇ ಸಾಸಿವೆ, ಮೆಣಸು ಅರೆದು ಹಾಕುವುದು. ವರ್ಷಗಟ್ಟಲೆ ಇರುತ್ತದೆ. ಆದರೆ ಕೆಲವು ಭರಣಿಯಲ್ಲಿ ಉಪ್ಪುನೀರಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ತೆಗೆದು ಚೆಲ್ಲಿದರೆ ಮತ್ತೆ ಕಟ್ಟುತ್ತದೆ. ಕಟ್ಟಿದ ಭರಣಿಯ ಮಿಡಿ ಆಮೇಲೆ ಮೆತ್ತಗಾಗುತ್ತದೆ. ಇದಕ್ಕೂ ನೀವು ಹೇಳಿದ್ದಕ್ಕೂ ಸಂಬಂಧ ಇದೆಯೇ?

ಅಘನಾಶಿನಿ_ಅಕ್ಕೋರು

ಇದೆ ಅಮ್ಮಾ, ನೇರ ಸಂಬಂಧ ಇದೆ. ಮಿಡಿಯಲ್ಲಿ ಮೊದಲ ಕಾವಲು ಉಪ್ಪಿನದ್ದು, ಅದು ನೀರನ್ನು ಹಿಡಿದಿಡುತ್ತದೆ. ಜೊತೆಗೆ ಮಿಡಿಯದೇ ಹುಳಿ, ಸಾಸಿವೆಯ ಘಾಟು. ಮೇಲೆ ಕಟ್ಟುವ ಬಿಳಿ ಪೊರೆ ಉಪ್ಪನ್ನೂ ಹುಳಿಯನ್ನೂ ತಡೆದುಕೊಳ್ಳುವ ಒಂದು ಜಾತಿಯ ಯೀಸ್ಟುಗಳದ್ದು. ಅವಕ್ಕೆ ಗಾಳಿ ಬೇಕು, ಅದಕ್ಕೇ ಮೇಲ್ಮೈಯಲ್ಲೇ ಇರುತ್ತವೆ. ಗಾಳಿ ಸಿಕ್ಕರೆ ಆಮ್ಲವನ್ನೇ ಊಟ ಮಾಡುತ್ತವೆ. ಆಮ್ಲ ಕರಗಿದ ಹಾಗೆ ಪಿಎಚ್ ಏರುತ್ತದೆ, ಉಳಿದ ಆಮ್ಲದ ಇಡೀ ಅಣುಗಳ ಪಾಲೂ ಕುಸಿಯುತ್ತದೆ. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿದ್ದ ಬೂಷ್ಟು, ಬ್ಯಾಕ್ಟೀರಿಯಾ ತಲೆ ಎತ್ತುತ್ತವೆ. ಮಿಡಿಯನ್ನು ಗರಿಗರಿಯಾಗಿ ಇಟ್ಟಿರುವ ಪೆಕ್ಟಿನನ್ನು ಅವುಗಳ ಕಿಣ್ವ ಕರಗಿಸುತ್ತದೆ, ಮಿಡಿ ಮೆತ್ತಗಾಗುತ್ತದೆ.

ಪೊರೆ ತೆಗೆದರೆ ಸಾಲದು. ಭರಣಿಯಲ್ಲಿ ಮಿಡಿ ಉಪ್ಪುನೀರಿನ ಕೆಳಗೆ ಮುಳುಗಿಯೇ ಇರುವಂತೆ ಮೇಲೆ ಭಾರ ಇಡಿ, ಖಾಲಿ ಜಾಗ ಕಡಿಮೆ ಇರಲಿ, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ. ದೊಡ್ಡ ಭರಣಿಯಿಂದ ದಿನಾ ತೆಗೆಯುವ ಬದಲು ಸಣ್ಣದಕ್ಕೆ ತುಂಬಿಕೊಂಡು ಬಳಸಿ. ನಿಮ್ಮಂಥವರಿಗೆ ಇದೆಲ್ಲ ಗೊತ್ತೇ ಇರುತ್ತದೆ, ಹಿಂದಿನ ಕಾರಣ ಇಷ್ಟು.

ಹುಲೇಕಲ್_ಅಜ್ಜಿಮನೆ

ಭಾರ ಇಡುವುದು ನಮ್ಮತ್ತೆ ಮಾಡುತ್ತಿದ್ದರು, ಹೊಳೆಯ ನುಣುಪು ಕಲ್ಲು ತೊಳೆದು. ಪ್ಲಾಸ್ಟಿಕ್ ಡಬ್ಬ ಬಂದ ಮೇಲೆ ಬಿಟ್ಟುಹೋಯಿತು. ಈ ವರ್ಷ ಮತ್ತೆ ಶುರುಮಾಡುತ್ತೇವೆ.

ಗಜನಿ_ಕುಮಟಾ

ಅಕ್ಕೋರೆ, ನಾವು ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಸಿಗಡಿ ಸಾಕ್ತೇವೆ. ಕೆರೆಗೆ ವಿನೆಗರ್ ಬಿಟ್ಟರೆ ರೋಗದ ಬ್ಯಾಕ್ಟೀರಿಯಾ ಸಾಯ್ತದೆ ಅಂತ ಒಬ್ರು ಔಷಧ ಮಾರುವವರು ಹೇಳ್ತಿದ್ರು. ಬಿಡಬಹುದಾ?

ಅಘನಾಶಿನಿ_ಅಕ್ಕೋರು

ಬೇಡ. ಸಿಗಡಿ ಕೆರೆಯ ನೀರಿನ ಪಿಎಚ್ 8ರ ಹತ್ತಿರ. ಅಲ್ಲಿ ಅಸಿಟಿಕ್ ಆಮ್ಲದ ಹತ್ತು ಸಾವಿರ ಅಣುಗಳಲ್ಲಿ ಆರು ಮಾತ್ರ ಇಡಿಯಾಗಿರುತ್ತವೆ. ಉಳಿದದ್ದು ಅಸಿಟೇಟ್, ಅದು ನೀರಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ತಿನ್ನುವಾಗ ನೀರಿನ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ, ಬೆಳಗಿನ ಜಾವ ಸಿಗಡಿ ಮೇಲೆ ಬಂದು ಒದ್ದಾಡುವ ಪರಿಸ್ಥಿತಿ ತಂದುಕೊಂಡ ಹಾಗೆ. ಕೆಲಸ ಮಾಡುವಷ್ಟು ಪಿಎಚ್ ಇಳಿಸಲು ಹೋದರೆ ಮೊದಲು ಸಿಗಡಿಯೇ ಸಾಯುತ್ತದೆ. ಆಹಾರದಲ್ಲಿ ಬೆರೆಸುವ ಆಮ್ಲಗಳ ವಿಷಯ ಬೇರೆ, ಅದನ್ನು ಮೀನುಗಾರಿಕೆ ಇಲಾಖೆಯ ತಜ್ಞರ ಹತ್ತಿರ ಮಾತಾಡಿ ಮಾಡಿ.

ಪಾವ್_ಕಾರವಾರ

ಬೇಕರಿಯವನು ನಾನು. ಮಳೆಗಾಲದಲ್ಲಿ ಪಾವಿಗೆ ಎರಡೇ ದಿನಕ್ಕೆ ಬೂಷ್ಟು. ಕ್ಯಾಲ್ಸಿಯಂ ಪ್ರೊಪಿಯೋನೇಟ್ ಹಾಕ್ತೇವೆ. ಬೆಂಜೋಯೇಟ್ ಅಗ್ಗ ಅಲ್ವಾ, ಅದು ಯಾಕೆ ನಡೆಯೂದಿಲ್ಲ?

ಅಘನಾಶಿನಿ_ಅಕ್ಕೋರು

ಎರಡು ಕಾರಣ. ಪಾವಿನ ಪಿಎಚ್ 5ರ ಮೇಲೆ, ಅಲ್ಲಿ ಬೆಂಜೋಯಿಕ್ ಸೋತಿದೆ. ಪ್ರೊಪಿಯೋನಿಕ್ಕಿನ ಪಿಕೆಎ 4.87, ಸ್ವಲ್ಪ ಮೇಲಿರುವುದರಿಂದ ಆ ಪಿಎಚ್‌ನಲ್ಲೂ ಒಂದಷ್ಟು ಪಾಲು ಉಳಿಯುತ್ತದೆ. ಇನ್ನೊಂದು, ಬೆಂಜೋಯಿಕ್ ಯೀಸ್ಟನ್ನೇ ಹಿಡಿಯುತ್ತದೆ, ನಿಮ್ಮ ಹಿಟ್ಟೇ ಉಬ್ಬುವುದಿಲ್ಲ. ಪ್ರೊಪಿಯೋನೇಟ್ ಬೂಷ್ಟನ್ನೂ, ಬ್ರೆಡ್ಡಿನ ಒಳಗೆ ಎಳೆ ಎಳೆ ಅಂಟು ಬರಿಸುವ ಬ್ಯಾಸಿಲಸ್ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಯೀಸ್ಟಿನ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಪಾವ್ ಪೂರ್ತಿ ಆರಿದ ಮೇಲೆ ಕಟ್ಟಿ. ಬಿಸಿ ಇರುವಾಗ ಕಟ್ಟಿದ ಪ್ಲಾಸ್ಟಿಕ್ಕಿನೊಳಗಿನ ಬೆವರಿಗೆ ಯಾವ ಪ್ರೊಪಿಯೋನೇಟೂ ಸಾಲದು.

ಕಡಲತಡಿ_ಹೊನ್ನಾವರ

ಇದೆಲ್ಲ ಓದಿ ನನಗೊಂದು ಹೆದರಿಕೆ ಹುಟ್ಟಿತು. ಪೊರೆ ದಾಟಿ ಒಳಗೆ ಹೋಗುವ ಅಣು ನಮ್ಮ ಜೀವಕೋಶಕ್ಕೂ ಹೋಗ್ತದಲ್ಲ? ನಮಗೆ ಎಂತ ಆಗೂದಿಲ್ವಾ?

ಅಘನಾಶಿನಿ_ಅಕ್ಕೋರು

ಹೋಗುತ್ತದೆ. ಹೊಟ್ಟೆಯ ಹುಳಿಯಲ್ಲಿ ಇಡಿಯಾಗಿಯೇ ಇದ್ದು ರಕ್ತ ಸೇರುತ್ತದೆ. ಆದರೆ ರಕ್ತದ ಪಿಎಚ್ 7.4, ಅದನ್ನು ಬಿಗಿಯಾಗಿ ಹಿಡಿದಿಡುವ ವ್ಯವಸ್ಥೆ ದೇಹಕ್ಕಿದೆ. ಯಕೃತ್ತು ಬೆಂಜೋಯಿಕ್ ಆಮ್ಲಕ್ಕೆ ಗ್ಲೈಸೀನ್ ಎಂಬ ಅಮೈನೋ ಆಮ್ಲ ಜೋಡಿಸಿ ಹಿಪ್ಪೂರಿಕ್ ಆಮ್ಲ ಮಾಡುತ್ತದೆ, ಅದು ಮೂತ್ರದಲ್ಲಿ ಹೊರಹೋಗುತ್ತದೆ. ದಾಲ್ಚಿನ್ನಿಯಲ್ಲೂ ಕೆಲವು ಹಣ್ಣುಗಳಲ್ಲೂ ಬೆಂಜೋಯಿಕ್ ಸಹಜವಾಗಿಯೇ ಇದೆ. ಮಿತಿಯೊಳಗಿದ್ದರೆ ದೇಹ ಸಂಭಾಳಿಸುತ್ತದೆ. ಆ ಮಿತಿಗೋಸ್ಕರವೇ ನಾನು ಮೊದಲ ಉತ್ತರದಲ್ಲಿ ಎರಡು ಪಟ್ಟು ಬೇಡ ಎಂದದ್ದು.

ಒಂದು ಎಚ್ಚರಿಕೆ ಮಾತ್ರ. ವಿಟಮಿನ್ ಸಿ ಇರುವ ಪಾನೀಯದಲ್ಲಿ, ಉದಾಹರಣೆಗೆ ನೆಲ್ಲಿಕಾಯಿ ಪಾಕದಲ್ಲಿ, ಬೆಂಜೋಯೇಟ್ ಅತಿ ಸಣ್ಣ ಪ್ರಮಾಣದಲ್ಲಿ ಬೆಂಜೀನ್ ಆಗಬಹುದು. ಬಿಸಿಲು, ಸೆಖೆ ಅದನ್ನು ಹೆಚ್ಚಿಸುತ್ತವೆ. ನೆಲ್ಲಿಗೆ ಸೋರ್ಬೇಟ್ (ಸೋರ್ಬಿಕ್ ಆಮ್ಲದ ಲವಣ) ನೋಡಬಹುದು.

ಮುರುಗಲು_ಅಂಕೋಲಾ

ನಮ್ಮ ಸಂಘದಲ್ಲಿ ಮುರುಗಲು ಪಾಕಕ್ಕೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಿ ಅಂದ್ರು ಒಬ್ಬರು. ಹಾಕಿದ ಬಾಟಲಿ ಕೆಂಪು ಹೋಗಿ ಸಪ್ಪೆ ಬಣ್ಣ ಬಂತು. ಬೆಂಜೋಯೇಟ್ ಹಾಕಿದ್ದು ಬಣ್ಣ ಹಾಗೇ ಇದೆ. ಆದರೆ ಅದರಲ್ಲೂ ಒಂದೆರಡು ಬಾಟಲಿ ಮುಚ್ಚಳ ತೆಗೆದಾಗ ಬುಸ್ ಅಂದಿತು. ಹುಳಿ ಇದ್ದೂ ಹೀಗ್ಯಾಕೆ?

ಅಘನಾಶಿನಿ_ಅಕ್ಕೋರು

ಬಣ್ಣದ್ದು ಸುಲಭ. ಮುರುಗಲಿನ ಕೆಂಪು ಆಂಥೋಸಯನಿನ್ ಎಂಬ ಬಣ್ಣದ ವಸ್ತು, ಕೆಎಂಎಸ್‌ನ ಸಲ್ಫೈಟ್ ಅದಕ್ಕೆ ಅಂಟಿಕೊಂಡು ಬಣ್ಣ ಕಳೆಯುತ್ತದೆ. ಕೆಂಪು ಪಾನೀಯಕ್ಕೆ ಬೆಂಜೋಯೇಟೇ ಸರಿ.

ಬುಸ್ ಅಂದದ್ದು ಯೀಸ್ಟ್. ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು: ಎಲ್ಲ ಯೀಸ್ಟೂ ಸೋಲುವುದಿಲ್ಲ. ನಮ್ಮ ಬೇಕರಿ ಯೀಸ್ಟಿನಲ್ಲೇ ಪಿಡಿಆರ್12 ಎಂಬ ಪಂಪ್ ಇದೆ, ಒಳಗೆ ಸಿಕ್ಕಿಬಿದ್ದ ಬೆಂಜೋಯೇಟ್, ಸೋರ್ಬೇಟ್ ಅಯಾನುಗಳನ್ನು ಎಟಿಪಿ ಖರ್ಚು ಮಾಡಿ ಹೊರಗೆ ತಳ್ಳುತ್ತದೆ. ಅದಕ್ಕಿಂತ ಗಟ್ಟಿಗ ಝೈಗೋಸ್ಯಾಕರೋಮೈಸಿಸ್ ಬೈಲಿಯೈ ಎಂಬ ಯೀಸ್ಟ್. ಹುಳಿ, ದಪ್ಪ ಸಕ್ಕರೆ ಪಾಕ, ಬೆಂಜೋಯೇಟ್ ಮೂರೂ ಇದ್ದರೂ ಬೆಳೆಯಬಲ್ಲದು. ಅದರ ಗುಂಪಿನಲ್ಲಿ ಕೆಲವೇ ಕೆಲವು ಕೋಶಗಳು ಉಳಿದವಕ್ಕಿಂತ ಬಹಳ ಹೆಚ್ಚು ತಡೆದುಕೊಳ್ಳುತ್ತವೆ. ಗುಂಪು ದೊಡ್ಡದಿದ್ದರೆ ಅಂಥವೂ ಸಿಗುತ್ತವೆ, ಅವು ಬದುಕಿ ಬಾಟಲಿ ತುಂಬುತ್ತವೆ.

ಆದ್ದರಿಂದ ಬಾಟಲಿಗೆ ಹೋಗುವ ಯೀಸ್ಟೇ ಕಡಿಮೆ ಇರಬೇಕು. ಹಳೆ ಬಾಟಲಿ ತೊಳೆದು ಕುದಿನೀರಲ್ಲಿ ಹಾಕಿ ತೆಗೆಯಿರಿ, ಸೋಸುವ ಬಟ್ಟೆ ಕುದಿಸಿ, ನೆಲಕ್ಕೆ ಬಿದ್ದು ಒಡೆದ ಹಣ್ಣು ಸೇರಿಸಬೇಡಿ, ಪಾಕ ಬಿಸಿ ಇರುವಾಗಲೇ ತುಂಬಿ ಮುಚ್ಚಳ ಹಾಕಿ. ಬುಸ್ ಅಂದ ಬಾಟಲಿ ತುಂಬಿದ ದಿನ ಯಾವ ಕೊಳವೆ, ಯಾವ ಬಟ್ಟೆ ಬಳಸಿದ್ದಿರಿ ಎಂದು ನೋಡಿ. ಒಂದೇ ಬಿರುಕಿನಲ್ಲಿ ಅದು ವರ್ಷವಿಡೀ ಕೂತಿರುತ್ತದೆ.

ಜೋನಿಬೆಲ್ಲ_ಶಿರಸಿ

ಅಕ್ಕೋರೆ, ಶಿರಸಿಯ ಸ್ನೇಹಿತರ ಮೀಟರಿನಲ್ಲಿ ಅಳೆದೆ. ಮುರುಗಲು ಪಾಕ 2.4, ಜೋನಿಬೆಲ್ಲ 5.9. ನೀವು ಹೇಳಿದ ಹಾಗೇ ಇದೆ. ಹಾಗಾದರೆ ಜೋನಿಬೆಲ್ಲಕ್ಕೆ ಲಿಂಬೆಹುಳಿ ಹಾಕಿ ಪಿಎಚ್ ಇಳಿಸಿ ಬೆಂಜೋಯೇಟ್ ಹಾಕಲೇ?

ಅಘನಾಶಿನಿ_ಅಕ್ಕೋರು

5.9ರಲ್ಲಿ ಬೆಂಜೋಯಿಕ್ಕಿನ ಶೇ. 2 ಮಾತ್ರ ಇಡಿಯಾಗಿರುತ್ತದೆ. ಶೇ. 50 ಆಗಬೇಕೆಂದರೆ 4.2ಕ್ಕೆ ಇಳಿಸಬೇಕು. ಅಷ್ಟು ಹುಳಿ ಹಾಕಿದರೆ ಅದು ಜೋನಿಬೆಲ್ಲ ಆಗಿ ಉಳಿಯುವುದಿಲ್ಲ. ಹರಳುಗಟ್ಟದ ಹಾಗೆ ಒಂದು ಚಿಟಿಕೆ ಸಿಟ್ರಿಕ್ ಹಾಕುವುದು ಬೇರೆ, ಅದರಿಂದ ಸಕ್ಕರೆ ಸ್ವಲ್ಪ ಒಡೆದು ದ್ರವವಾಗಿಯೇ ಇರುತ್ತದೆ.

ಜೋನಿಬೆಲ್ಲವನ್ನು ಕಾಯುವುದು ಸಕ್ಕರೆಯೇ. ಪಾಕ ಸರಿ ಬಂದರೆ ಯೀಸ್ಟಿಗೆ ಸಿಗಬೇಕಾದ ನೀರನ್ನೆಲ್ಲ ಸಕ್ಕರೆ ಹಿಡಿದಿಡುತ್ತದೆ. ಸಡಿಲ ಪಾಕದಲ್ಲಿ ಆ ಹಿಡಿತ ಇಲ್ಲ. ಕೊಪ್ಪರಿಗೆಗೆ ಥರ್ಮಾಮೀಟರ್ ಹಿಡಿದು 105 ಡಿಗ್ರಿ ಸೆಲ್ಸಿಯಸ್ ದಾಟಿಸಿ ಇಳಿಸಿ. ಮಳೆಗಾಲದ ಗಾಳಿಯಿಂದ ಜೋನಿಬೆಲ್ಲ ನೀರು ಎಳೆದುಕೊಳ್ಳುತ್ತದೆ. ಮೇಲಿನ ಒಂದು ಬೆರಳಷ್ಟು ತೆಳುವಾದರೂ ಸಾಕು, ಯೀಸ್ಟ್ ಅಲ್ಲೇ ಶುರುಮಾಡುತ್ತದೆ. ನೀವು ನೊರೆ ನೋಡಿದ್ದು ಮೇಲ್ಭಾಗದಲ್ಲೇ ಅಲ್ಲವೇ? ಅಂಚಿನವರೆಗೆ ತುಂಬಿ, ಬಿಗಿ ಮುಚ್ಚಳ ಹಾಕಿ, ಸಣ್ಣ ಡಬ್ಬ ಮಾಡಿ. ಸಡಿಲ ಕೇಳುವ ಗಿರಾಕಿಗೆ ಮನೆಯಲ್ಲೇ ಬಿಸಿನೀರು ಬೆರೆಸಿಕೊಳ್ಳಲು ಹೇಳಿ.

ಕೊಟ್ಟಿಗೆ_ಯಲ್ಲಾಪುರ

ಕೊನೆಯದೊಂದು ಪ್ರಶ್ನೆ. ನಾವು ಜೋಳದ ದಂಟಿನ ರಸಮೇವು (ಸೈಲೇಜ್, ಗಾಳಿಯಾಡದ ಚೀಲದಲ್ಲಿ ಹುಳಿ ಬರಿಸಿದ ಹಸಿಮೇವು) ಮಾಡುತ್ತೇವೆ. ಚೀಲ ಬಿಚ್ಚುವವರೆಗೆ ಚೆನ್ನಾಗಿದ್ದು, ಬಿಚ್ಚಿ ಎರಡು ದಿನಕ್ಕೆ ಬಿಸಿಯಾಗುತ್ತದೆ, ಆಕಳು ಮೂಸಿ ಬಿಡುತ್ತದೆ.

ಅಘನಾಶಿನಿ_ಅಕ್ಕೋರು

ಅಪ್ಪೆಮಿಡಿಯ ಬಿಳಿ ಪೊರೆಯದ್ದೇ ಕೆಲಸ. ರಸಮೇವಿನ ಆಮ್ಲ ಹೆಚ್ಚಾಗಿ ಲ್ಯಾಕ್ಟಿಕ್, ಪಿಕೆಎ 3.86. ಪಿಎಚ್ 4ರಲ್ಲಿ ಅದರ ಶೇ. 42 ಮಾತ್ರ ಇಡಿ, ಪೊರೆ ದಾಟುವುದೂ ನಿಧಾನ. ಗಾಳಿ ಸಿಕ್ಕ ಕೂಡಲೇ ಯೀಸ್ಟ್ ಅದನ್ನು ತಿಂದು ಬಿಸಿ ಮಾಡುತ್ತದೆ. ಅಸಿಟಿಕ್ ಸ್ವಲ್ಪ ಇದ್ದ ರಸಮೇವು ಬಿಚ್ಚಿದ ಮೇಲೂ ತಾಳುತ್ತದೆ. ಅದಕ್ಕಾಗಿಯೇ ಲ್ಯಾಕ್ಟೋಬ್ಯಾಸಿಲಸ್ ಬುಕ್ನೆರಿ (ಈಗಿನ ಹೆಸರು ಲೆಂಟಿಲ್ಯಾಕ್ಟೋಬ್ಯಾಸಿಲಸ್ ಬುಕ್ನೆರಿ) ಎಂಬ ಬ್ಯಾಕ್ಟೀರಿಯಾ ಇರುವ ಹೆಪ್ಪು ಸಿಗುತ್ತದೆ, ಅದು ಲ್ಯಾಕ್ಟಿಕ್ಕನ್ನು ಅಸಿಟಿಕ್ ಮಾಡುತ್ತದೆ. ಪಶುವೈದ್ಯರನ್ನು ಕೇಳಿ ತರಿಸಿ. ಅಲ್ಲಿವರೆಗೆ ಚೀಲ ಚಿಕ್ಕದು ಮಾಡಿ, ತುಂಬುವಾಗ ಗಾಳಿ ಹೋಗುವ ಹಾಗೆ ತುಳಿದು ಒತ್ತಿ, ಬಿಚ್ಚಿದ್ದು ಎರಡು ದಿನದೊಳಗೆ ಮುಗಿಯುವಷ್ಟಿರಲಿ. ಬಿಸಿಯಾಗಿ ಬೂಷ್ಟು ಬಂದ ಭಾಗವನ್ನು ಗಬ್ಬದ ಆಕಳಿಗೆ ಹಾಕಲೇಬೇಡಿ, ಗೊಬ್ಬರದ ಗುಂಡಿಗೆ ಹೋಗಲಿ.

ಕೊಟ್ಟಿಗೆ_ಯಲ್ಲಾಪುರ

ಆಯಿತು ಅಕ್ಕೋರೆ. ಬುಕ್ನೆರಿ ಹೆಪ್ಪು ಎಷ್ಟು ಟನ್ ಮೇವಿಗೆ ಎಷ್ಟು ಎಂದು ಡಾಕ್ಟರ ಹತ್ತಿರ ಕೇಳಿ ಇಲ್ಲೇ ಹಾಕುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.